ಮುಳ್ಳು ನೋಡಬೇಕೋ, ಬಾಗಿಲು ನೋಡಬೇಕೋ

ಸ್ಪಿನಿಫೆರೈಟೀಸ್ ಎಂಬ ಪಳೆಯುಳಿಕೆಯನ್ನು ಸೂಕ್ಷ್ಮದರ್ಶಕದಲ್ಲಿ ಮೊದಲ ಸಲ ಕಂಡಾಗ ನನಗೆ ನೆನಪಾದದ್ದು ಕದಂಬದ ಹೂವು. ನಡುವೆ ದುಂಡನೆಯ ಉಂಡೆ, ಅದರಿಂದ ಎಲ್ಲ ದಿಕ್ಕಿಗೂ ಚಾಚಿದ ಸಣ್ಣ ಮುಳ್ಳುಗಳು. ಮುಳ್ಳುಗಳನ್ನೂ ಸೇರಿಸಿ ಅಳೆದರೆ ಒಂದು ತಲೆಗೂದಲಿನ ದಪ್ಪದಷ್ಟು ಆದೀತು. ಫೋಕಸ್ ತಿರುಪನ್ನು ನಿಧಾನವಾಗಿ ತಿರುಗಿಸುತ್ತಾ ಹೋದರೆ ಮುಳ್ಳಿನ ತುದಿಗಳು ಒಂದೊಂದಾಗಿ ಸ್ಪಷ್ಟವಾಗುತ್ತವೆ. ಕೆಲವು ತುದಿಗಳು ಮೂರು ಕವಲು ಒಡೆದಿವೆ, ಕೆಲವು ಎರಡೇ ಕವಲು. ಮೊದಲಿಗೆ ಇದು ಬರೀ ಅಲಂಕಾರ ಅನ್ನಿಸುತ್ತದೆ. ಆದರೆ ಮೂರು ಕವಲಿನ ಮುಳ್ಳು ನಿಂತಿರುವುದು ಈ ಜೀವಿ ತೊಟ್ಟಿದ್ದ ಕವಚದ ಮೂರು ಫಲಕಗಳು ಕೂಡುವ ಮೂಲೆಯಲ್ಲಿ, ಎರಡು ಕವಲಿನದು ಎರಡು ಫಲಕಗಳ ನಡುವಿನ ಗೆರೆಯ ಮೇಲೆ. ಅಸಲು ಫಲಕಗಳು ಈಗ ಇಲ್ಲ, ಅವು ಕೊಳೆತು ಎಷ್ಟೋ ಕೋಟಿ ವರ್ಷಗಳಾಗಿವೆ. ಹೊಲದ ಬದುಗಳೆಲ್ಲ ಅಳಿದುಹೋಗಿ ಗಡಿಕಲ್ಲುಗಳು ಮಾತ್ರ ಉಳಿದ ಊರಿನ ಹಾಗೆ, ಯಾರ ಹೊಲ ಎಲ್ಲಿತ್ತು ಎಂಬುದನ್ನು ಮುಳ್ಳುಗಳಿಂದಲೇ ಓದಬೇಕು.

ಸ್ಪಿನಿಫೆರೈಟೀಸ್‌ನಂಥ ಡೈನೋಫ್ಲಾಜೆಲೇಟ್ ಸಿಸ್ಟ್‌ಗಳನ್ನು ಆಕಾರ ನೋಡಿ ವರ್ಗೀಕರಿಸುವ ಪದ್ಧತಿಗೆ ಈಗ ಸುಮಾರು 190 ವರ್ಷ ವಯಸ್ಸು. ತೈಲದ ಬಾವಿ ಕೊರೆಯುವವರು ಶಿಲೆಯ ವಯಸ್ಸು ಹೇಳುವುದಕ್ಕೆ, ಹವಾಮಾನದ ಇತಿಹಾಸ ಬರೆಯುವವರು ಹಳೆಯ ಸಮುದ್ರದ ಉಷ್ಣತೆ ಊಹಿಸುವುದಕ್ಕೆ ಇದನ್ನೇ ನಂಬಿದ್ದಾರೆ. ಇಷ್ಟೊಂದು ಭಾರ ಹೊತ್ತಿರುವ ಪದ್ಧತಿ ಎಲ್ಲಿ ಗಟ್ಟಿಯಾಗಿದೆ, ಎಲ್ಲಿ ಜಾರುತ್ತದೆ ಎಂದು ಪರೀಕ್ಷಿಸುವುದು ಈ ಬರಹದ ಉದ್ದೇಶ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಆಕಾರವನ್ನು ಜೀವಿಯ ವಂಶ ಮೂಡಿಸಿತೋ, ಅದು ತೇಲುತ್ತಿದ್ದ ನೀರು ಮೂಡಿಸಿತೋ ಎಂದು ಕೇಳಿಕೊಂಡ ಕಡೆಯೆಲ್ಲ ಈ ವಿದ್ಯೆ ಗೆದ್ದಿದೆ. ಕೇಳದೆ ಹೆಸರಿಟ್ಟ ಕಡೆ ಎಡವಿದೆ.

ಜೀವಿಯ ಪರಿಚಯ ಸ್ವಲ್ಪ ಬೇಕು. ಡೈನೋಫ್ಲಾಜೆಲೇಟ್‌ಗಳು ಎರಡು ಚಾಟಿಗಳಿಂದ ನೀರಿನಲ್ಲಿ ಸುತ್ತುತ್ತಾ ಈಜುವ ಏಕಕೋಶಿಗಳು. ನಮ್ಮ ಕರಾವಳಿಯಲ್ಲಿ ಕೆಲವು ರಾತ್ರಿ ಅಲೆ ಒಡೆದಾಗ ನೀಲಿ ಬೆಳಕು ಚಿಮ್ಮುತ್ತದಲ್ಲ, ಅದಕ್ಕೆ ಕಾರಣವಾದ ನಾಕ್ಟಿಲೂಕ ಇದೇ ಬಳಗದ್ದು. ಈ ಬಳಗದಲ್ಲಿ ಹಲವಕ್ಕೆ ಸೆಲ್ಯುಲೋಸ್ ಫಲಕಗಳನ್ನು ಜೋಡಿಸಿ ಕಟ್ಟಿದ ಕವಚವಿರುತ್ತದೆ. ಕೆಲವು ಪ್ರಭೇದಗಳು ಲೈಂಗಿಕ ಕೂಡಿಕೆಯ ನಂತರ ಕವಚದ ಒಳಗೇ ಇನ್ನೊಂದು ಗಟ್ಟಿ ಗೋಡೆ ಕಟ್ಟಿಕೊಂಡು ತಳದ ಕೆಸರಿಗೆ ಇಳಿಯುತ್ತವೆ, ಬೇಸಿಗೆಯಲ್ಲಿ ಮಣ್ಣಿನೊಳಗೆ ಮಳೆಗೆ ಕಾಯುವ ಬೀಜದ ಹಾಗೆ. ಇದೇ ಸಿಸ್ಟ್. ಕಾಲ ಕೂಡಿಬಂದಾಗ ಗೋಡೆಯ ಒಂದು ತುಂಡು ಮುಚ್ಚಳದಂತೆ ತೆರೆದುಕೊಳ್ಳುತ್ತದೆ, ಜೀವಿ ಹೊರಗೆ ಈಜಿಹೋಗುತ್ತದೆ, ಖಾಲಿ ಸಿಸ್ಟ್ ಕೆಸರಿನಲ್ಲಿ ಉಳಿಯುತ್ತದೆ. ಆ ಗೋಡೆಯ ವಸ್ತುವಿಗೆ ಡೈನೋಸ್ಪೋರಿನ್ ಎಂದು ಹೆಸರು. ಅದು ಎಷ್ಟು ಗಟ್ಟಿಯೆಂದರೆ, ಕಲ್ಲನ್ನು ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಕರಗಿಸಿದರೂ ಸಿಸ್ಟ್ ಕರಗುವುದಿಲ್ಲ. ಇಂದು ಬದುಕಿರುವ ಡೈನೋಫ್ಲಾಜೆಲೇಟ್‌ಗಳಲ್ಲಿ ಇಂಥ ಸಿಸ್ಟ್ ಕಟ್ಟುವುದಾಗಿ ತಿಳಿದಿರುವುದು ಶೇ 15ರ ಆಸುಪಾಸು ಪ್ರಭೇದಗಳು ಮಾತ್ರ. ನೀಲಿ ಬೆಳಕಿನ ನಾಕ್ಟಿಲೂಕ ಆ ಪಟ್ಟಿಯಲ್ಲಿಲ್ಲ. ಅದು ಸಮುದ್ರವನ್ನೇ ಬೆಳಗಿದರೂ ಕಲ್ಲಿನಲ್ಲಿ ಅದರ ಗುರುತು ಸಿಗುವುದಿಲ್ಲ. ಪಳೆಯುಳಿಕೆ ನೋಡಿ ಡೈನೋಫ್ಲಾಜೆಲೇಟ್‌ಗಳ ಚರಿತ್ರೆ ಬರೆಯುವವರು ಈ ಮಿತಿಯನ್ನು ಮೊದಲ ಪುಟದಲ್ಲೇ ಬರೆದಿಡಬೇಕು.

ಬರ್ಲಿನ್‌ನ ಕ್ರಿಶ್ಚಿಯನ್ ಗಾಟ್‌ಫ್ರೀಡ್ ಎರೆನ್‌ಬೆರ್ಗ್ 1830ರ ದಶಕದಲ್ಲಿ ಚಕಮಕಿ ಕಲ್ಲಿನ ತೆಳು ಚಕ್ಕೆಗಳಲ್ಲಿ ಇವನ್ನು ಮೊದಲು ಕಂಡ. ಫಲಕ ಸ್ಪಷ್ಟವಾಗಿ ಕಾಣುತ್ತಿದ್ದ ಒಂದನ್ನು ಡೈನೋಫ್ಲಾಜೆಲೇಟ್ ಎಂದೇ ಸರಿಯಾಗಿ ಗುರುತಿಸಿದ. ಮುಳ್ಳಿನ ಉಂಡೆಗಳನ್ನು ಮಾತ್ರ ಸಿಹಿನೀರಿನ ಪಾಚಿಯೊಂದಕ್ಕೆ ಹೋಲಿಸಿ ಕ್ಸಾಂಥಿಡಿಯಂ ಎಂದು ಕರೆದ. ಒಂದೇ ಕಲ್ಲಿನ ಒಂದೇ ಬಳಗ ಹೀಗೆ ಎರಡು ಮನೆಯಾಯಿತು, ಕಾರಣ ಮುಳ್ಳು. 1850ರಲ್ಲಿ ಇಂಗ್ಲೆಂಡಿನ ಗಿಡಿಯನ್ ಮ್ಯಾಂಟೆಲ್ ಇವು ಆ ಪಾಚಿಯಲ್ಲವೆಂದು ಸ್ಪಿನಿಫೆರೈಟೀಸ್ ಎಂಬ ಹೊಸ ಹೆಸರು ಕೊಟ್ಟ. 1933ರಲ್ಲಿ ಜರ್ಮನಿಯ ಓಟ್ಟೊ ವೆಟ್ಜೆಲ್ ಇವಕ್ಕೆ ಇಟ್ಟ ಹಿಸ್ಟ್ರಿಕೊಸ್ಫೇರ ಎಂಬ ಹೆಸರಿನಲ್ಲಿ ಗ್ರೀಕ್ ಭಾಷೆಯ ಮುಳ್ಳುಹಂದಿ ಇದೆ. ಮುಂದಿನ ಮೂರು ದಶಕ ಮುಳ್ಳುಳ್ಳ ಸಣ್ಣ ಉಂಡೆ ಸಿಕ್ಕರೆ ಸಾಕು, ಅದು ಮುಳ್ಳುಹಂದಿ ಗೋಳಗಳ ಗುಂಪಿಗೆ ಹೋಗಿ ಬೀಳುತ್ತಿತ್ತು. ಅವು ಯಾವ ಜೀವಿಯವು ಎಂಬ ಪ್ರಶ್ನೆ ಹಾಗೇ ಉಳಿಯಿತು.

ಉತ್ತರ ಕೊಟ್ಟವರು ಅಮೆರಿಕದ ವಿಲಿಯಂ ಎವಿಟ್, 1961 ಮತ್ತು 1963ರ ಬರಹಗಳಲ್ಲಿ. ಈ ಕ್ಷೇತ್ರದಲ್ಲಿ ನಾನು ಅತ್ಯಂತ ಗೌರವದಿಂದ ಓದುವ ಬರಹಗಳು ಅವು. ಎಲ್ಲರೂ ಮುಳ್ಳನ್ನು ನೋಡುತ್ತಿದ್ದಾಗ ಎವಿಟ್ ಗೋಡೆಯ ತೂತನ್ನು ನೋಡಿದರು. ಅಲ್ಲಿಯವರೆಗೆ ಆ ತೂತನ್ನು ಹಲವರು ಸವೆತ, ಒಡಕು ಎಂದು ದಾಟಿ ಹೋಗಿದ್ದರು. ಆದರೆ ಒಂದು ಬಗೆಯ ನೂರು ಮಾದರಿ ನೋಡಿದರೆ ತೂತು ಯಾವಾಗಲೂ ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ ಇರುತ್ತದೆ. ಒಡಕು ಹಾಗೆ ಶಿಸ್ತಾಗಿ ಆಗುವುದಿಲ್ಲ. ಅದು ಜೀವಿ ಹೊರಬಂದ ಬಾಗಿಲು, ಆರ್ಕಿಯೊಪೈಲ್. ಸ್ಪಿನಿಫೆರೈಟೀಸ್‌ನಲ್ಲಿ ಆ ಬಾಗಿಲು ನಡುಪಟ್ಟಿಯ ಮೇಲಿನ ಸಾಲಿನ ಮೂರನೆಯ ಫಲಕದ ಜಾಗ. ಫಲಕಗಳಿಗೆ ಸಾಲುವಾರು ಸಂಖ್ಯೆ ಕೊಡುವ ಕ್ರಮವನ್ನು ಚಾರ್ಲ್ಸ್ ಕೊಫಾಯ್ಡ್ 20ನೆಯ ಶತಮಾನದ ಮೊದಲ ದಶಕದಲ್ಲೇ ಬದುಕಿರುವ ಡೈನೋಫ್ಲಾಜೆಲೇಟ್‌ಗಳಿಗಾಗಿ ರೂಪಿಸಿದ್ದರು. ಎವಿಟ್ ಅದೇ ಸಂಖ್ಯೆಗಳನ್ನು ಸಿಸ್ಟ್‌ನ ಮೇಲೆ ಇಟ್ಟು ನೋಡಿದರು, ಲೆಕ್ಕ ಹೊಂದಿತು. ಬಾಗಿಲು ಸಿಕ್ಕ ಮೇಲೆ ಮುಳ್ಳುಗಳ ಲೆಕ್ಕವೂ ಕೂಡಿಕೊಂಡಿತು. ಸ್ಪಿನಿಫೆರೈಟೀಸ್‌ನ ಮುಳ್ಳುಗಳು ಫಲಕಗಳ ಅಂಚಿನಲ್ಲಿವೆ, ಅದೇ ಗುಂಪಿನಲ್ಲಿದ್ದ ಹಿಸ್ಟ್ರಿಕೊಸ್ಫೇರಿಡಿಯಂನ ಮುಳ್ಳುಗಳು ಪ್ರತಿ ಫಲಕದ ನಡುವಿನಿಂದ ಒಂದೊಂದಾಗಿ ಎದ್ದಿವೆ, ಅದರ ಬಾಗಿಲೂ ನೆತ್ತಿಯಲ್ಲಿ. ಮೂವತ್ತು ವರ್ಷ ಒಂದೇ ಗೂಡಿನಲ್ಲಿ ಇಟ್ಟಿದ್ದ ಎರಡು ಮುಳ್ಳಿನ ಉಂಡೆಗಳು ಕಟ್ಟೋಣದಲ್ಲೇ ಬೇರೆ ಬೇರೆ ಎಂದು ಗೊತ್ತಾಯಿತು.

ಎವಿಟ್ ಮಾಡಿದ ಇನ್ನೊಂದು ಕೆಲಸಕ್ಕೆ ಸಿಗಬೇಕಾದಷ್ಟು ಮೆಚ್ಚುಗೆ ಸಿಕ್ಕಿಲ್ಲ ಎಂದು ನನ್ನ ಭಾವನೆ. ಫಲಕದ ಗುರುತೂ ಬಾಗಿಲೂ ಕಾಣದ ಉಂಡೆಗಳನ್ನು ಅವರು ಒತ್ತಾಯದಿಂದ ಡೈನೋಫ್ಲಾಜೆಲೇಟ್ ಮನೆಗೆ ಸೇರಿಸಲಿಲ್ಲ. 1963ರಲ್ಲಿ ಅವಕ್ಕೆ ಅಕ್ರಿಟಾರ್ಕ್ ಎಂಬ ಬೇರೆ ಹೆಸರು ಕೊಟ್ಟರು. ಮೂಲ ಇಂಥದೇ ಎಂದು ನಿಶ್ಚಯವಿಲ್ಲದವು ಎಂದು ಅದರ ಅರ್ಥ. ಗೊತ್ತಿಲ್ಲ ಎನ್ನುವುದಕ್ಕೂ ವರ್ಗೀಕರಣದಲ್ಲಿ ಒಂದು ಗೌರವದ ಜಾಗ ಬೇಕು ಎಂಬುದನ್ನು ಇಷ್ಟು ನೇರವಾಗಿ ತೋರಿಸಿದ ಹೆಸರು ಇನ್ನೊಂದು ನನಗೆ ತಿಳಿದಿಲ್ಲ. ಆ ಜಾಗ ಬಿಡದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಅರ್ಪಿಲೋರಸ್ ಸಾಕ್ಷಿ. ಟ್ಯುನಿಸಿಯಾದ ಸೈಲೂರಿಯನ್ ಕಾಲದ ಶಿಲೆಯಲ್ಲಿ ಸಿಕ್ಕ ಈ ಪಳೆಯುಳಿಕೆ ಬಹಳ ಕಾಲ ಅತ್ಯಂತ ಹಳೆಯ ಡೈನೋಫ್ಲಾಜೆಲೇಟ್ ಎಂದು ಪಠ್ಯಪುಸ್ತಕಗಳಲ್ಲಿ ನಿಂತಿತ್ತು. ಫಲಕದಂಥ ಗೆರೆ, ಬಾಗಿಲಿನಂಥ ತೂತು ಎರಡೂ ಅದರಲ್ಲಿ ಕಂಡಿದ್ದವು. ಹೆಚ್ಚು ಮಾದರಿಗಳನ್ನು ಮತ್ತೆ ಪರೀಕ್ಷಿಸಿದಾಗ ಅದು ಸಂಧಿಪದಿಯೊಂದರ ಚೂರು ಎಂಬ ತೀರ್ಮಾನ ಬಂತು. ಅದನ್ನು ಕೈಬಿಟ್ಟರೆ, ಖಚಿತವಾದ ಸಿಸ್ಟ್‌ಗಳ ದಾಖಲೆ ಶುರುವಾಗುವುದು ಟ್ರಯಾಸಿಕ್‌ನಲ್ಲಿ. ಆ ಸೈಲೂರಿಯನ್ ಶಿಲೆಗೂ ಟ್ರಯಾಸಿಕ್‌ಗೂ ನಡುವೆ ಸುಮಾರು 17 ಕೋಟಿ ವರ್ಷ ಖಾಲಿ.

ಎವಿಟ್ ಅವರ ಓದು ಸರಿಯೆಂದು ಕೆಸರಿನಿಂದಲೇ ಸಾಬೀತಾದದ್ದು 1960ರ ದಶಕದಲ್ಲಿ, ಅಮೆರಿಕದ ವುಡ್ಸ್ ಹೋಲ್‌ನಲ್ಲಿ. ಡೇವಿಡ್ ವಾಲ್ ಮತ್ತು ಬ್ಯಾರಿ ಡೇಲ್ ಸಮುದ್ರದ ಕೆಸರಿನಿಂದ ಜೀವಂತ ಸಿಸ್ಟ್‌ಗಳನ್ನು ಹೆಕ್ಕಿ, ಮೊಳೆಯಲು ಬಿಟ್ಟು, ಹೊರಬಂದ ಜೀವಿ ಯಾವುದೆಂದು ಕಾದು ನೋಡಿದರು. ಪಳೆಯುಳಿಕೆ ಎಂದು ಹೆಸರಿಟ್ಟಿದ್ದ ಆಕಾರಗಳೊಳಗಿಂದ ಜೀವಂತ ಡೈನೋಫ್ಲಾಜೆಲೇಟ್‌ಗಳು ಈಜಿ ಬಂದವು. ಆದರೆ ಅದೇ ಪ್ರಯೋಗ ಇನ್ನೊಂದು ಕಗ್ಗಂಟನ್ನೂ ತಂದಿತು. ಸ್ಪಿನಿಫೆರೈಟೀಸ್, ನೆಮಟೊಸ್ಫೇರಾಪ್ಸಿಸ್, ಬೈಟೆಕ್ಟಟೊಡಿನಿಯಂ ಇವು ಪಳೆಯುಳಿಕೆಯವರ ಪುಸ್ತಕದಲ್ಲಿ ಬೇರೆ ಬೇರೆ ಕುಲಗಳು. ಅವುಗಳಿಂದ ಹೊರಬಂದದ್ದನ್ನು ಜೀವಂತ ಪ್ಲವಕ ಓದುವವರು ನೋಡಿದರೆ ಎಲ್ಲವೂ ಗೊನ್ಯಾಲಾಕ್ಸ್ ಸ್ಪಿನಿಫೆರ ಎಂಬ ಒಂದೇ ಪ್ರಭೇದ. ಹಾಗಾದರೆ ತಪ್ಪು ಯಾರದು?

ಪಳೆಯುಳಿಕೆಯವರು ಒಂದನ್ನೇ ಹಲವಾಗಿ ಒಡೆದರು ಎಂದು ಆಗ ಹೇಳಿದವರಿದ್ದರು. ನಾನು ಈ ಮಾತನ್ನು ಪೂರ್ತಿ ಒಪ್ಪುವುದಿಲ್ಲ. ಈಜುವ ಹಂತದಲ್ಲಿ ಒಂದೇ ರೀತಿ ಕಾಣುವ ಗೊನ್ಯಾಲಾಕ್ಸ್‌ಗಳ ವಂಶವಾಹಿಗಳನ್ನು ಆಮೇಲೆ ಓದಿದಾಗ, ಆ ಒಂದು ಹೆಸರಿನಡಿ ಹಲವು ಪ್ರಭೇದಗಳು ಸೇರಿಕೊಂಡಿವೆ ಎಂಬ ಸೂಚನೆಯೇ ಬಲವಾಯಿತು. ಅಂದರೆ ಜೀವಂತ ಕೋಶ ಬಚ್ಚಿಟ್ಟದ್ದನ್ನು ಸಿಸ್ಟ್‌ನ ಆಕಾರ ಹೇಳುತ್ತಿತ್ತು. ಆದ್ದರಿಂದ ಸಿಸ್ಟ್‌ಗೆ ಒಂದು ಹೆಸರು, ಈಜುವ ಜೀವಿಗೆ ಇನ್ನೊಂದು ಹೆಸರು ಎಂಬ ಇಂದಿನ ರೂಢಿಯನ್ನು ಗೊಂದಲವೆಂದು ತಳ್ಳಿಹಾಕುವುದು ಸರಿಯಲ್ಲ. ಎರಡೂ ಒಂದೇ ಎಂದು ಮೊಳೆಯಿಸಿ ತೋರಿಸುವವರೆಗೆ ಎರಡು ಹೆಸರು ಇರಲಿ. ಒಂದೇ ಹೆಸರಿಗೆ ಆತುರಪಟ್ಟರೆ ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಬರೆದಂತಾಗುತ್ತದೆ.

ಇನ್ನು ನೀರು ಮೂಡಿಸುವ ಆಕಾರದ ಮಾತು. ಪಠ್ಯಗಳಲ್ಲಿ ಸಿಸ್ಟ್‌ಗಳನ್ನು ಪ್ರಾಕ್ಸಿಮೇಟ್, ಪ್ರಾಕ್ಸಿಮೊಕೋರೇಟ್, ಕೋರೇಟ್ ಎಂದು ವಿಂಗಡಿಸುವ ಒಂದು ಕ್ರಮವಿದೆ. ಮುಳ್ಳು ಬಿಟ್ಟು ಒಡಲಿನ ವ್ಯಾಸವನ್ನು, ಮುಳ್ಳು ಸೇರಿದ ಒಟ್ಟು ವ್ಯಾಸದಿಂದ ಭಾಗಿಸಬೇಕು. ಶೇ 80ಕ್ಕಿಂತ ಹೆಚ್ಚು ಬಂದರೆ ಪ್ರಾಕ್ಸಿಮೇಟ್, 60ರಿಂದ 80ರೊಳಗೆ ಪ್ರಾಕ್ಸಿಮೊಕೋರೇಟ್, 60ಕ್ಕಿಂತ ಕಡಿಮೆಯಾದರೆ ಕೋರೇಟ್. ಓದುಗರ ಕಣ್ಣಿಗೆ ಚಿತ್ರ ಕಟ್ಟಿಕೊಡುವುದಕ್ಕೆ ಇದು ಒಳ್ಳೆಯ ಪದಗುಚ್ಛ. ವಂಶ ಹೇಳುವುದಕ್ಕೆ ಬಳಸಿದರೆ ಹದಗೆಡುತ್ತದೆ. ಲಿಂಗುಲೊಡಿನಿಯಂ ಮೆಕೆರೊಫೋರಂ ಎಂಬ ಸಿಸ್ಟನ್ನು ತೆಗೆದುಕೊಳ್ಳಿ. ಅದರ ಮುಳ್ಳುಗಳು ಉಪ್ಪು ಹೆಚ್ಚಿರುವ ನೀರಿನಲ್ಲಿ ನೀಳವಾಗಿ ಬೆಳೆಯುತ್ತವೆ, ಕಪ್ಪು ಸಮುದ್ರದಂಥ ಉಪ್ಪು ಕಡಿಮೆಯಿರುವ ನೀರಿನಲ್ಲಿ ಮೊಟಕಾಗುತ್ತವೆ, ಒಮ್ಮೊಮ್ಮೆ ಬರೀ ಗುಬಟಾಗಿ ಉಳಿಯುತ್ತವೆ. ಒಡಲು 45 ಮೈಕ್ರೋಮೀಟರ್, ಮುಳ್ಳು 20 ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ ಶೇ 53 ಬರುತ್ತದೆ, ಕೋರೇಟ್. ಅದೇ ಒಡಲಿಗೆ ಮುಳ್ಳು 3 ಆದರೆ ಶೇ 88, ಪ್ರಾಕ್ಸಿಮೇಟ್. ಪ್ರಭೇದ ಅದೇ, ಬದಲಾದದ್ದು ನೀರಿನ ಉಪ್ಪು. ಹಳೆಯ ಕಾಲದ ಸಿಸ್ಟ್‌ಗಳಲ್ಲಿ ಮುಳ್ಳಿನ ಉದ್ದವನ್ನೇ ಗುರುತಾಗಿಟ್ಟು ಕಟ್ಟಿದ ಪ್ರಭೇದಗಳು ಎಷ್ಟು, ಅವುಗಳಲ್ಲಿ ಎಷ್ಟು ಒಂದೇ ಜೀವಿಯ ಉಪ್ಪು ನೀರಿನ ರೂಪ ಮತ್ತು ಚಪ್ಪೆ ನೀರಿನ ರೂಪ ಎಂಬ ಪ್ರಶ್ನೆ ನನ್ನನ್ನು ಕಾಡುತ್ತದೆ. ಇದೇ ದೌರ್ಬಲ್ಯ ಇನ್ನೊಂದು ಕೆಲಸಕ್ಕೆ ಬಲವಾಯಿತು. 2009ರಲ್ಲಿ ಕೆನೆತ್ ಮೆರ್ಟೆನ್ಸ್ ಮತ್ತು ಸಂಗಡಿಗರು ಈ ಮುಳ್ಳಿನ ಉದ್ದವನ್ನು ಹಳೆಯ ಸಮುದ್ರದ ಲವಣಾಂಶ ತಿಳಿಯುವ ಸಾಧನವಾಗಿ ಬಳಸಬಹುದೇ ಎಂದು ಹಲವು ಸಮುದ್ರಗಳ ತಳದ ಕೆಸರನ್ನು ಅಳೆದು ನೋಡಿದರು. ಮುಳ್ಳಿಗೆ ಸಲ್ಲಬೇಕಾದ ಜಾಗ ಅದೇ ಎಂದು ನಾನು ತಿಳಿದಿದ್ದೇನೆ.

1993ರಲ್ಲಿ ರಾಬರ್ಟ್ ಫೆನ್ಸಮ್ ಮತ್ತು ಸಂಗಡಿಗರು ಬದುಕಿರುವ ಮತ್ತು ಪಳೆಯುಳಿಕೆಯಾದ ಡೈನೋಫ್ಲಾಜೆಲೇಟ್‌ಗಳನ್ನು ಒಂದೇ ವರ್ಗೀಕರಣದಲ್ಲಿ ಕೂಡಿಸಿದರು. ಜೀವಶಾಸ್ತ್ರದವರೂ ಭೂವಿಜ್ಞಾನದವರೂ ಒಂದೇ ಮೇಜಿನ ಸುತ್ತ ಕೂತು ಬರೆದ ಗ್ರಂಥ ಅದು. ಫಲಕಗಳ ಜೋಡಣೆಯನ್ನೇ ಬೆನ್ನೆಲುಬಾಗಿ ಇಟ್ಟುಕೊಂಡದ್ದರಿಂದ ಗೊನ್ಯಾಲಾಕ್ಸ್, ಪೆರಿಡಿನಿಯಂ ಬಳಗಗಳ ಮಟ್ಟಿಗೆ ಅದು ಇಂದಿಗೂ ಕೈಪಿಡಿಯಾಗಿ ನಿಂತಿದೆ. ಫಲಕವೇ ಇಲ್ಲದ ಬೆತ್ತಲೆ ಜಾತಿಗಳ ವಿಷಯದಲ್ಲಿ ಸೋತಿದೆ. ಅಲ್ಲಿ ಹಿಡಿಯಲು ಆಕಾರವೇ ಕಡಿಮೆ. ವಂಶವಾಹಿಗಳ ಅಧ್ಯಯನ ಹೆಚ್ಚು ಕೆಡವಿದ್ದೂ ಆ ಭಾಗವನ್ನೇ.

ಫಲಕ, ಬಾಗಿಲು ಮುಖ್ಯ ಎಂಬ ತತ್ತ್ವವನ್ನು ಎಲ್ಲಿಯವರೆಗೆ ಎಳೆಯಬಹುದು? ಈ ಪ್ರಶ್ನೆಯ ಮೇಲೆ ಇತ್ತೀಚೆಗೆ ನಡೆದ ಜಗಳವೊಂದು ಬಹಳ ಕಲಿಸುತ್ತದೆ. ವೆಟ್ಜೆಲಿಯೆಲ್ಲ ಮತ್ತು ಅದರ ಬಂಧುಗಳು ಪ್ಯಾಲಿಯೊಜೀನ್ ಕಾಲದ ಶಿಲೆಗಳಿಗೆ ಗಡಿಯಾರವಿದ್ದಂತೆ. ಚಪ್ಪಟೆ ಮೈ, ಐದು ಮೂಲೆಗೆ ಐದು ಕೊಂಬು, ಹೊರಗೋಡೆಯೊಳಗೆ ಇನ್ನೊಂದು ಒಡಲು, ಬೆನ್ನಿನ ಮೇಲೆ ನಾಲ್ಕು ಬದಿಯ ಒಂದು ಕಿಂಡಿ. ಹತ್ತಿರದ ಬಳಗವಾದ ಡೆಫ್ಲಾಂಡ್ರಿಯದಲ್ಲಿ ಅದೇ ಜಾಗದ ಕಿಂಡಿಗೆ ಆರು ಬದಿ. 1976ರಲ್ಲಿ ಕೋಸ್ತ ಮತ್ತು ಡೌನಿ ವಾಯವ್ಯ ಯುರೋಪಿನ ಪ್ಯಾಲಿಯೊಜೀನ್ ಪದರಗಳನ್ನು ಇವುಗಳನ್ನೇ ಹಿಡಿದು ವಲಯಗಳಾಗಿ ವಿಂಗಡಿಸಿದ್ದರು. ಈ ಬಳಗದೊಳಗೆ ಕುಲಗಳನ್ನು ಬೇರ್ಪಡಿಸಲು ಗೋಡೆಯ ಮೇಲಿನ ಮುಳ್ಳು, ಜಾಲರಿ, ಪರೆಗಳೇ ಆಧಾರವಾಗಿದ್ದವು. 2015ರಲ್ಲಿ ಗ್ರಹಾಂ ವಿಲಿಯಮ್ಸ್ ಮತ್ತು ಸಂಗಡಿಗರು ಆ ಕ್ರಮವನ್ನು ತಿರುಗಿಸಿದರು. ಕಿಂಡಿಯ ಆಕಾರ, ಅದರ ಉದ್ದಗಲದ ಪ್ರಮಾಣ ಮೊದಲು, ಗೋಡೆಯ ಅಲಂಕಾರ ಆಮೇಲೆ ಎಂದರು. ಹಲವು ಹೊಸ ಕುಲಗಳು ಹುಟ್ಟಿದವು, ಹಳೆಯ ಪ್ರಭೇದಗಳು ಮನೆ ಬದಲಿಸಿದವು. ಎರಡು ವರ್ಷದಲ್ಲಿ ಪೀಟರ್ ಬಿಯ್ಲ್ ಮತ್ತು ಸಂಗಡಿಗರು ಆ ಪ್ರಬಂಧ ಬಂದಿದ್ದ ಪತ್ರಿಕೆಯಲ್ಲೇ ಇದನ್ನು ಪ್ರಶ್ನಿಸಿ ಬರೆದರು.

ಈ ವಿವಾದದಲ್ಲಿ ನಾನು ಎರಡನೆಯವರ ಕಡೆ. ಆದರೆ ಮೊದಲನೆಯವರ ಉದ್ದೇಶಕ್ಕೆ ನಮಸ್ಕರಿಸಿಯೇ ಈ ಮಾತು. ಮುಳ್ಳು, ಜಾಲರಿಗಳು ಬೇರೆ ಬೇರೆ ವಂಶಗಳಲ್ಲಿ ಸ್ವತಂತ್ರವಾಗಿ ಹುಟ್ಟಬಲ್ಲವು, ಬಾಗಿಲು ಹೆಚ್ಚು ಸ್ಥಿರ ಎಂಬುದು ಎವಿಟ್ ಕಾಲದಿಂದ ಬಂದ ಗಟ್ಟಿ ಮಾತು. ತೊಂದರೆ ಇರುವುದು ಪ್ರಮಾಣದಲ್ಲಿ. ಕಿಂಡಿಗೆ ನಾಲ್ಕು ಬದಿಯೋ ಆರು ಬದಿಯೋ ಎಂಬುದು ಫಲಕದ ಪ್ರಶ್ನೆ, ಅಂದರೆ ಕಟ್ಟೋಣದ ಪ್ರಶ್ನೆ. ನಾಲ್ಕು ಬದಿಯ ಕಿಂಡಿ ತುಸು ಅಗಲವೋ ತುಸು ಉದ್ದವೋ ಎಂಬುದು ಅಳತೆಯ ಪ್ರಶ್ನೆ. ಈ ಅಳತೆ ಒಂದೇ ಪದರದ ಒಂದೇ ಗುಂಪಿನೊಳಗೆ ಎಷ್ಟು ಹಿಗ್ಗುತ್ತದೆ, ಕುಗ್ಗುತ್ತದೆ ಎಂದು ಮೊದಲು ತೋರಿಸಬೇಕಿತ್ತು. ಸ್ಲೈಡಿನ ಮುಂದೆ ಕೂತು ನೋಡಿದವರಿಗೆ ಕಷ್ಟ ಗೊತ್ತು. ಮೈ ಮಡಚಿಕೊಂಡಿರುತ್ತದೆ, ಮುಚ್ಚಳ ಅರ್ಧ ಕಳಚಿ ಜಾಗದಲ್ಲೇ ಅಂಟಿರುತ್ತದೆ, ಒಳ ಒಡಲಿನ ಕಿಂಡಿಯ ಅಂಚು ಹೊರಗೋಡೆಯ ಕಿಂಡಿಯ ಅಂಚಿನ ಮೇಲೆ ಬಿದ್ದಿರುತ್ತದೆ. ಬೆನ್ನು ಮೇಲಾಗಿ ಚೊಕ್ಕವಾಗಿ ಮಲಗಿದ ಒಂದು ಮಾದರಿಗಾಗಿ ಎಷ್ಟೋ ಸಾಲು ಹುಡುಕಬೇಕು. ಅಂಥ ಕೆಲವೇ ಮಾದರಿಗಳಲ್ಲಿ ಕಾಣುವ ಸೂಕ್ಷ್ಮ ವ್ಯತ್ಯಾಸದ ಮೇಲೆ ಕುಲವನ್ನೇ ಕಟ್ಟಿದರೆ, ಉಳಿದ ನೂರಾರು ಮಾದರಿಗಳು ಹೆಸರಿಲ್ಲದೆ ಉಳಿಯುತ್ತವೆ.

ಇದಕ್ಕೆ ವಿರುದ್ಧವಾಗಿ, ದಿನಬಳಕೆಯ ಎಣಿಕೆಯಲ್ಲಿ ನನಗೆ ಹಿಡಿಸಿದ ಒಂದು ರೂಢಿಯಿದೆ. ಪ್ರೊಟೊಪೆರಿಡಿನಿಯಂ ಬಳಗದ ಹಲವು ಸಿಸ್ಟ್‌ಗಳು ನುಣುಪಾದ, ಕಂದು ಬಣ್ಣದ ಬರೀ ಉಂಡೆಗಳು. ಬಾಗಿಲು ಕಂಡರೆ ಬ್ರಿಗಾಂಟೆಡಿನಿಯಂನ ಇಂಥ ಪ್ರಭೇದ ಎನ್ನಬಹುದು. ಮಡಿಕೆಯಲ್ಲಿ ಬಾಗಿಲು ಮುಚ್ಚಿಹೋಗಿದ್ದರೆ ಅನುಭವಿಗಳು ದುಂಡು ಕಂದು ಸಿಸ್ಟ್ ಎಂಬ ಸಾಲಿನಲ್ಲಿ ಒಂದು ಗೀಟು ಎಳೆದು ಮುಂದೆ ಹೋಗುತ್ತಾರೆ. ಲ್ಯಾಟಿನ್ ಹೆಸರಿಲ್ಲದ ಆ ಸಾಲು ಎವಿಟ್ ಅವರ ಅಕ್ರಿಟಾರ್ಕ್‌ನ ತಮ್ಮನಿದ್ದಂತೆ. ವಿದ್ಯಾರ್ಥಿಗಳು ಆ ಸಾಲು ತುಂಬಿದರೆ ನಾಚಿಕೆಪಡುವುದನ್ನು ಕಂಡಿದ್ದೇನೆ. ನಾಚಬೇಕಾದ್ದೇನೂ ಅದರಲ್ಲಿಲ್ಲ.

ಕರ್ನಾಟಕದ ಒಳನಾಡಿನಲ್ಲಿ ಈ ಪಳೆಯುಳಿಕೆ ಹುಡುಕಿ ಫಲವಿಲ್ಲ. ಧಾರವಾಡದ ಶಿಲೆಗಳು 250 ಕೋಟಿ ವರ್ಷಕ್ಕೂ ಹಳೆಯವು. ಆದರೆ ಮಂಗಳೂರಿನ ಕಡಲತಳದ ಕೆಸರಿನಲ್ಲಿ ಇಂದಿನ ಸಿಸ್ಟ್‌ಗಳಿವೆ, ಅಲ್ಲಿ ಈ ವಿದ್ಯೆ ಊಟದ ತಟ್ಟೆಯವರೆಗೂ ಬರುತ್ತದೆ. 1983ರಲ್ಲಿ ಮಂಗಳೂರಿನ ಆಸುಪಾಸಿನಲ್ಲಿ ಮರುವಾಯಿ ತಿಂದವರು ಪಾರ್ಶ್ವವಾಯು ತರುವ ಚಿಪ್ಪುಮೀನಿನ ವಿಷಕ್ಕೆ ತುತ್ತಾದರು. ಇಂಥ ವಿಷ ಮಾಡುವ ಡೈನೋಫ್ಲಾಜೆಲೇಟ್‌ಗಳಲ್ಲಿ ಒಂದಾದ ಜಿಮ್ನೊಡಿನಿಯಂ ಕೆಟೆನೇಟಂ ನಮ್ಮ ಪಶ್ಚಿಮ ಕರಾವಳಿಯಿಂದಲೂ ವರದಿಯಾಗಿದೆ. ಅದರ ಸಿಸ್ಟ್ ಕಂದು ಉಂಡೆ, ಮೈತುಂಬ ಬಲೆಯಂಥ ನವಿರು ಗೆರೆ, ನಡುವಿನ ಸುತ್ತ ಸೀಳುವ ಬಾಗಿಲು. ಇದೇ ವರ್ಣನೆಗೆ ಹೊಂದುವ, ವಿಷವಿಲ್ಲದ ಸಿಸ್ಟ್‌ಗಳೂ ಇವೆ. ಡೆನ್ಮಾರ್ಕ್ ಮತ್ತು ಸ್ವೀಡನ್ ನಡುವಿನ ಕಟ್ಟೆಗಾಟ್ ಸಮುದ್ರದ ಹಳೆಯ ಪದರಗಳಲ್ಲಿ ಸಿಕ್ಕ ಬಲೆಮೈಯ ಸಿಸ್ಟ್‌ಗಳನ್ನು ಮೊದಲು ವಿಷದ ಕೆಟೆನೇಟಂ ಎಂದೇ ಓದಿದ್ದರು. ಅದೇ ಸಮುದ್ರದ ಕೆಸರಿನ ಸಿಸ್ಟ್‌ಗಳನ್ನು ಮೊಳೆಯಿಸಿ ನೋಡಿದಾಗ ಬಂದದ್ದು ಬೇರೆ ಪ್ರಭೇದ, ವಿಷವಿಲ್ಲದ್ದು. 1999ರಲ್ಲಿ ಅದಕ್ಕೆ ಜಿಮ್ನೊಡಿನಿಯಂ ನೊಲ್ಲೆರಿ ಎಂದು ಹೆಸರಾಯಿತು.

ಇಲ್ಲಿ ಬಾಗಿಲು ಸಹಾಯಕ್ಕೆ ಬರುವುದಿಲ್ಲ, ಎರಡರದೂ ಒಂದೇ ಬಗೆಯದು. ಮುಳ್ಳಂತೂ ಇಲ್ಲವೇ ಇಲ್ಲ. ಉಳಿದದ್ದು ಗಾತ್ರ. ನೊಲ್ಲೆರಿಯ ಸಿಸ್ಟ್ ಸಾಮಾನ್ಯವಾಗಿ ಚಿಕ್ಕದು, ಕೆಟೆನೇಟಂನದು ದೊಡ್ಡದು, ನಡುವೆ ಎರಡಕ್ಕೂ ಸಲ್ಲಬಹುದಾದ ಕೆಲವು ಮೈಕ್ರೋಮೀಟರ್‌ಗಳ ಜಾಗ. ಮಂಗಳೂರಿನ ಕೆಸರಿನ ಸ್ಲೈಡಿನಲ್ಲಿ ಬಲೆಮೈಯ ಉಂಡೆಯೊಂದು ಆ ಜಾಗದಲ್ಲಿ ಸಿಕ್ಕರೆ, ನೋಡುವವರು ಅಳತೆ ಬರೆದು, ಹೆಸರಿನ ಕಡೆ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಉಳಿದ ಕೆಸರನ್ನು ತಣ್ಣಗಿನ ಕತ್ತಲೆಯಲ್ಲಿ ಕಾಪಾಡಿ, ಅದರೊಳಗಿನ ಜೀವಂತ ಸಿಸ್ಟ್‌ಗಳು ಮೊಳೆಯುವುದನ್ನು ಕಾಯಬೇಕು.